ದೆವ್ವದ ಡಾಕ್ಟ್ರು ಮತ್ತು ಬಿಸ್ಕತ್ತಿನ ಡಬ್ಬಿ

ಆ ಬೀದಿಯಲ್ಲಿ ಓದಿ ಪಾಸಾದ ಡಾಕ್ಟರುಗಳು ಇಬ್ಬರಿದ್ದರು. ಅವರ ಬಳಿಗೆ ಜನ ಕಾಯಿಲೆ ಬಂದರೆ ಮಾತ್ರ ಹೋಗುತ್ತಿದ್ದರು. ಕಾಯಿಲೆ ಕಸಾಲೆ ಏನೂ ಇಲ್ಲದೆ, ಕೈಯಿಂದ ದುಡ್ಡು ಕೊಟ್ಟು ಹೆದರಿಕೊಂಡು ಬರಬೇಕು ಅನ್ನಿಸಿದವರು ಹೋಗುತ್ತಿದ್ದದ್ದು ಮೂರನೆಯವರ ಹತ್ತಿರ. ಇವರು ಓದಿದ್ದು ಅಷ್ಟಕ್ಕಷ್ಟೇ. ವಿಡಿಯೋ ಗೇಮಿನ ಡಿಸ್ಕು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು, ಅದರಲ್ಲೂ ದೆವ್ವ, ಪಿಶಾಚಿ, ಕತ್ತಲೆ ಮನೆಯ ಆಟಗಳು ಇವರ ಸ್ಪೆಷಾಲಿಟಿ. ಹಾಗಾಗಿ ಇಡೀ ಬೀದಿಗೆ ಇವರು ದೆವ್ವದ ಡಾಕ್ಟ್ರು.

ಹೊಸಬರು ಬಂದರೆ ಡಾಕ್ಟ್ರು ಸುಮ್ಮನೆ ಡಿಸ್ಕು ಕೊಟ್ಟು ಕಳಿಸುವವರಲ್ಲ. ಕುರ್ಚಿ ಎಳೆದು ಕೂರಿಸಿ ವಿಚಾರಣೆ. "ಕರೆಂಟ್ ಹೋದ್ರೆ ಮೊದಲು ಮೇಣದಬತ್ತಿ ಹುಡುಕ್ತೀರೋ, ಇಲ್ಲ ಯಾರಾದ್ರೂ ಇದ್ದಾರಾ ಅಂತ ಕೂಗ್ತೀರೋ?" ಅಂತ ಕೇಳುವರು. ಕೂಗುವವರಿಗೆ ಒಂದು ಕಪಾಟು, ಹುಡುಕುವವರಿಗೆ ಇನ್ನೊಂದು. "ಮೊದಲ ಸಲಕ್ಕೆ ಹೀರೋನ ಬೆನ್ನು ಕಾಣೋ ಆಟ ತಗೊಳ್ಳಿ. ಏನೇ ಬಂದ್ರೂ ಮೊದಲು ಅವನ ಮೇಲೆ ಬೀಳುತ್ತೆ ಅನ್ನೋ ಸಮಾಧಾನ ಇರುತ್ತೆ. ಎಲ್ಲ ನಿಮ್ಮ ಕಣ್ಣಿಂದಲೇ ಕಾಣೋ ಆಟ, ಕೈಯಲ್ಲಿ ಆಯುಧವೇ ಇಲ್ಲದೆ ಮಂಚದ ಕೆಳಗೆ ಅವಿತುಕೊಳ್ಳೋ ಆಟ, ಇವೆಲ್ಲ ಆಮೇಲೆ. ಈಜು ಬಾರದವರು ಬಾವಿಗೆ ಹಾರಬಾರದು. ಸುಲಭದ ಮಟ್ಟದಲ್ಲಿ ಆಡಿ, ನಾಚಿಕೆ ಬೇಡ, ದೆವ್ವ ಯಾರಿಗೂ ಚಾಡಿ ಹೇಳಲ್ಲ." ಕೊನೆಗೆ ಬಾಗಿಲವರೆಗೂ ಬಂದು ಒಂದು ಮಾತು ತಪ್ಪದೆ ಹೇಳುವರು: "ಆಟದಲ್ಲಿ ಸಿಕ್ಕಿದ ಗುಂಡು, ಔಷಧಿ ಎಲ್ಲ ಮುಂದಕ್ಕೆ ಬೇಕು ಅಂತ ಕೂಡಿಡ್ಬೇಡಿ. ಹೊಸಬರು ಮಾಡೋ ತಪ್ಪೇ ಅದು. ಚೀಲ ತುಂಬಾ ಗುಂಡು ಇಟ್ಕೊಂಡು ಸತ್ತವರೇ ಜಾಸ್ತಿ."

ಎಂಥಾ ಅನುಭವ, ಎಂಥಾ ಧೈರ್ಯ ಅಂತ ಜನ ತಲೆದೂಗುತ್ತಿದ್ದರು. ಧೈರ್ಯವಂತೆ! ಈ ಮಹಾನುಭಾವರು ಜನ್ಮದಲ್ಲಿ ಒಂದು ದೆವ್ವದ ಆಟವನ್ನೂ ಆಡಿದವರಲ್ಲ. ಆಡುವುದಿರಲಿ, ನೋಡಿದವರೂ ಅಲ್ಲ. ಅಂಗಡಿಯಲ್ಲೇ ಆಡಿ ನೋಡಲು ಎರಡು ಟಿವಿ ಇದ್ದವು. ಡಾಕ್ಟ್ರ ಸ್ಟೂಲು ಎರಡಕ್ಕೂ ಬೆನ್ನು ಮಾಡಿ, ಆಡುವವರ ಮುಖಕ್ಕೆ ಎದುರಾಗಿ ಇರುತ್ತಿತ್ತು. ಯಾರ ಭುಜ ಯಾವಾಗ ಕಿವಿಯವರೆಗೆ ಏರಿತು, ಯಾರ ಕಾಲು ಕುರ್ಚಿಯ ಮೇಲೆ ಹೋಯಿತು, ಯಾರು ನಕ್ಕು ಹೆದರಿಕೆ ಮುಚ್ಚಿಕೊಂಡರು, ಇಷ್ಟನ್ನೇ ವರ್ಷಗಟ್ಟಲೆ ನೋಡಿ ನೋಡಿ ಆಟಗಳ ಗುಣ ಕಲಿತಿದ್ದರು. ಗಿರಾಕಿಗಳು ಇದನ್ನು ಏಕಾಗ್ರತೆ ಅಂದುಕೊಂಡಿದ್ದರು. ನಿಜ ಗೊತ್ತಿದ್ದದ್ದು ಅಂಗಡಿಯ ಮೇಲಿನ ಮನೆಯಲ್ಲಿದ್ದ ಅವರ ಅಮ್ಮನಿಗೆ ಮಾತ್ರ. "ಜಿರಳೆ ಕಂಡ್ರೆ ಮಂಚ ಹತ್ತೋನು ಊರಿಗೆಲ್ಲ ದೆವ್ವ ಹಂಚ್ತಾನೆ," ಅನ್ನುವಳು ಆ ತಾಯಿ. "ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ."

ಕೂಡಿಡುವ ವಿಷಯದಲ್ಲೂ ಅಷ್ಟೇ. ಊರಿಗೆ ಬುದ್ಧಿ ಹೇಳುವ ಡಾಕ್ಟ್ರ ಬೀರುವಿನಲ್ಲಿ ಒಂದು ನೀಲಿ ಅಂಗಿ ಪ್ಲಾಸ್ಟಿಕ್ ಕವರಿನಿಂದ ಹೊರಗೇ ಬಂದಿರಲಿಲ್ಲ. ಯಾವುದಾದರೂ ಒಳ್ಳೆಯ ದಿನಕ್ಕೆ ಆಗುತ್ತೆ ಅಂತ ಇಟ್ಟದ್ದು. ಆ ಒಳ್ಳೆಯ ದಿನಕ್ಕೆ ವಿಳಾಸ ಸಿಕ್ಕಿರಲಿಲ್ಲವೋ ಏನೋ, ಡಾಕ್ಟ್ರಿಗೆ ನಲವತ್ತು ದಾಟಿತ್ತು.

ಅಂಗಡಿಯ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಬೋರ್ಡು: "ಡಿಸ್ಕು ತಡವಾದರೆ ನಿಮ್ಮ ಮನೆಗೇ ಬರುತ್ತೇವೆ." ಓದಿದವರ ಎದೆ ಝಲ್ಲೆನ್ನುತ್ತಿತ್ತು. ಆದರೆ ಡಾಕ್ಟ್ರು ಇವತ್ತಿನವರೆಗೆ ಯಾರ ಮನೆಗೂ ಹೋದವರಲ್ಲ. ಮನೆ ಅಂದ ಮೇಲೆ ಗೇಟು, ಗೇಟು ಅಂದ ಮೇಲೆ ನಾಯಿ.

ಹೀಗೆ ನಡೆಯುತ್ತಿದ್ದ ವೈದ್ಯಕ್ಕೆ ಕಂಟಕವಾಗಿ ಬಂದವಳು ಎದುರು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುವಾಕೆ. ಬೀದಿಯವರು ಆಕೆಯನ್ನು ರಕ್ತದ ಮೇಡಂ ಅನ್ನುತ್ತಿದ್ದರು. ಒಂದು ಶನಿವಾರ ಡ್ಯೂಟಿ ಮುಗಿಸಿ, ಬಿಳಿ ಕೋಟು ತೋಳಿಗೆ ಹಾಕಿಕೊಂಡು ಅಂಗಡಿಗೆ ಬಂದಳು.

"ಬೆಳಿಗ್ಗೆಯಿಂದ ಸಂಜೆವರೆಗೂ ನನ್ನ ಕಂಡು ಎಲ್ಲರೂ ಹೆದರ್ತಾರೆ ಡಾಕ್ಟ್ರೇ. ಮೀಸೆ ತಿರುವ್ಕೊಂಡು ಬಂದ ಗಂಡಸ್ರೂ ಸೂಜಿ ಕಂಡ್ರೆ ಮುಖ ತಿರುಗಿಸ್ತಾರೆ. ಈ ಹೆದರಿಕೆ ಅನ್ನೋದು ಹೇಗಿರುತ್ತೆ ಅಂತ ನಾನೂ ಒಂದ್ಸಲ ನೋಡ್ಬೇಕು. ಹೊಸಬಳು ನಾನು. ಯಾವುದ್ರಿಂದ ಶುರು ಮಾಡ್ಲಿ?"

ಡಾಕ್ಟ್ರಿಗೆ ವಿಚಾರಣೆಯೇ ಬೇಕಾಗಲಿಲ್ಲ. ಈಕೆಗೆ ಯಾವ ಆಟ ಅಂತ ನೋಡಿದ ಕೂಡಲೇ ಗೊತ್ತಾಯಿತು. ಒಂದೇ ಮನೆ, ಉದ್ದನೆಯ ಪಡಸಾಲೆ, ಕೈಯಲ್ಲೊಂದು ದೀಪ, ಬೆರಳೆಣಿಕೆಯ ಗುಂಡು. ಹೊಸಬರಿಗೂ ದಕ್ಕುವ, ಹಳಬರನ್ನೂ ಬಿಡದ ಆಟ. ಅದನ್ನು ಆಡಿದವರ ಮುಖ ಡಾಕ್ಟ್ರು ಮರೆತಿರಲಿಲ್ಲ. ಇನ್ನೊಂದು ಸಂಗತಿಯನ್ನೂ ಮರೆತಿರಲಿಲ್ಲ: ಅದನ್ನು ಮುಗಿಸಿದವರಿಗೆ ಬೇರೆ ಯಾವುದೂ ರುಚಿಸುತ್ತಿರಲಿಲ್ಲ, ಅಂಗಡಿಯ ಕಡೆ ಮತ್ತೆ ತಲೆ ಹಾಕುತ್ತಿರಲಿಲ್ಲ.

ಈಕೆ ಮತ್ತೆ ಬರದಿದ್ದರೆ? ಬಂದು ಇನ್ನೂ ಎರಡು ನಿಮಿಷವಾಗಿರಲಿಲ್ಲ, ಡಾಕ್ಟ್ರಿಗೆ ಆಗಲೇ ಆ ಯೋಚನೆಗೆ ಎದೆ ಭಾರವಾಯಿತು.

"ಒಂದಿದೆ ಮೇಡಂ, ಆದ್ರೆ ಯಾರೋ ತಗೊಂಡು ಹೋಗಿದ್ದಾರೆ," ಅಂದರು. ಹೇಳಿ, ಒಂದು ಸಪ್ಪೆ ಆಟ ಕೊಟ್ಟು ಕಳಿಸಿದರು. ಆಕೆ ಅತ್ತ ಹೋಗುತ್ತಲೇ ಆ ಒಳ್ಳೆಯ ಡಿಸ್ಕನ್ನು ಕಪಾಟಿನಿಂದ ತೆಗೆದು, ಕೌಂಟರಿನ ಕೆಳಗಿದ್ದ ಖಾಲಿ ಬಿಸ್ಕತ್ತಿನ ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತಿದರು.

ಮುಂದಿನ ಶನಿವಾರ ಆಕೆ ಬಂದಳು. "ನಿದ್ದೆ ಬಂತು ಡಾಕ್ಟ್ರೇ." ಇನ್ನೊಂದು ಕೊಟ್ಟರು. ಅದರಲ್ಲಿ ದೆವ್ವ ಬಾಗಿಲಿಗೇ ಸಿಕ್ಕಿಹಾಕಿಕೊಂಡು ಒದ್ದಾಡಿತಂತೆ, ಆಕೆಗೆ ಪಾಪ ಅನ್ನಿಸಿತಂತೆ. ಮತ್ತೊಂದರಲ್ಲಿ ರಕ್ತದ ಬಣ್ಣವೇ ಸರಿಯಿಲ್ಲವಂತೆ. "ಇಷ್ಟು ಕೆಂಪಿದ್ರೆ ಆ ಪೇಷಂಟು ಆರೋಗ್ಯವಾಗಿದ್ದಾನೆ ಅಂತ." ಹೀಗೆ ಹೇಳಿ ಹೇಳಿ ಇಬ್ಬರೂ ನಗುವರು. ಆಕೆ ಟೀ ಕುಡಿದು ಹೋಗುವಳು. ಡಾಕ್ಟ್ರು ಶನಿವಾರಕ್ಕೆ ಕ್ಷೌರ ಮಾಡಿಕೊಳ್ಳಲು ಶುರು ಮಾಡಿದರು. ಡಬ್ಬಿಯನ್ನು ಒಮ್ಮೊಮ್ಮೆ ಕಾಲಿನಿಂದ ಮುಟ್ಟಿ ನೋಡಿ, ಇದೆಯಲ್ಲ, ಇರಲಿ, ಇನ್ನೂ ಸಮಯ ಇದೆ, ಅಂದುಕೊಳ್ಳುವರು. ತಿಂಗಳುಗಳು ಕಳೆದವು. ಎಂಥಾ ಬುದ್ಧಿವಂತಿಕೆ ನೋಡಿ! ಹಸಿದು ಬಂದವಳಿಗೆ ಊಟ ಬಡಿಸಿದರೆ ಎದ್ದು ಹೋಗುತ್ತಾಳೆ ಅಂತ ಬರೀ ನೀರು ಕೊಡುತ್ತಾ ಕೂತಿದ್ದರು.

ನೀರು ಕುಡಿದು ಸಾಕಾದ ಒಂದು ಶನಿವಾರ ಆಕೆ ಡಿಸ್ಕನ್ನು ಕೌಂಟರಿನ ಮೇಲಿಟ್ಟು, "ಇನ್ನು ಬೇಡ ಡಾಕ್ಟ್ರೇ," ಅಂದಳು. "ಪಕ್ಕದೂರಿನ ದೊಡ್ಡಾಸ್ಪತ್ರೇಲಿ ಕೆಲ್ಸ ಸಿಕ್ಕಿದೆ. ಸೋಮವಾರ ಸೇರ್ಬೇಕು. ನಿಮ್ಮ ಔಷಧಿ ನಂಗೆ ಹತ್ತಲೇ ಇಲ್ಲ ನೋಡಿ. ದೆವ್ವದ ಆಟ ಅಂದ್ರೆ ಇಷ್ಟೇ ಅನ್ಸತ್ತೆ."

ಡಾಕ್ಟ್ರು ಇಂಗು ತಿಂದ ಮಂಗನ ಹಾಗೆ ನಿಂತರು. "ಒಳ್ಳೇದಾಗ್ಲಿ ಮೇಡಂ," ಅಂದರು.

ಅಷ್ಟರಲ್ಲಿ ಅಮ್ಮ ಟೀ ಹಿಡಿದು ಮೆಟ್ಟಿಲಿಳಿದು ಬಂದಳು. "ಊರು ಬಿಟ್ಟು ಹೋಗೋ ಹುಡುಗೀಗೆ ಬರೀ ಟೀ ಕೊಡ್ತಾರೇನೋ?" ಅನ್ನುತ್ತಾ, ಡಾಕ್ಟ್ರು ತಡೆಯುವ ಮೊದಲೇ ಕೌಂಟರಿನ ಕೆಳಗಿನ ಡಬ್ಬಿ ಎತ್ತಿ, ಮುಚ್ಚಳ ತೆಗೆದು ಆಕೆಯ ಮುಂದೆ ಹಿಡಿದಳು. ಅದರಲ್ಲಿ ಬಿಸ್ಕತ್ತಿಲ್ಲ ಅಂತ ಆ ಮುದುಕಿಗೆ ಗೊತ್ತಿರಲಿಲ್ಲವೇ? ಆ ದೇವರೇ ಬಲ್ಲ.

ಆಕೆ ಡಿಸ್ಕು ಎತ್ತಿಕೊಂಡು ಅದರ ಮೇಲೆ ಅಂಟಿಸಿದ್ದ ಚೀಟಿ ಓದಿದಳು. 'ರಕ್ತದ ಮೇಡಂಗೆ' ಅಂತ ಡಾಕ್ಟ್ರ ಕೈಬರಹ.

"ಯಾರೋ ತಗೊಂಡು ಹೋಗಿದ್ದಾರೆ ಅಂದ್ರಲ್ಲ, ಇದೇನಾ?"

"ಹ್ಞೂಂ."

"ಯಾರು ತಗೊಂಡು ಹೋಗಿದ್ರು? ಡಬ್ಬೀನಾ?"

ಡಾಕ್ಟ್ರು ನೆಲ ನೋಡುತ್ತಾ ಹೇಳಿದರು, "ಇದನ್ನ ಆಡಿದವರು ಮತ್ತೆ ಬರಲ್ಲ ಮೇಡಂ."

ಆಕೆಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಸಿಟ್ಟು ಬಂತು. "ಎಲ್ಲಾ ಶನಿವಾರ ಕೂತು ಆಕಳಿಸಿದ್ದೀನಲ್ರೀ ನಾನು! ಹಾಕಿ ಇದನ್ನ. ಈಗ್ಲೇ. ನೀವೂ ಬನ್ನಿ, ಪಕ್ಕದಲ್ಲಿ ಕೂತ್ಕೊಳ್ಳಿ. ಆ ಕಡೆ ಅಲ್ಲ, ಟಿವಿ ಕಡೆ ಮುಖ ಮಾಡಿ."

ಮೊಟ್ಟಮೊದಲ ಬಾರಿಗೆ ಡಾಕ್ಟ್ರ ಸ್ಟೂಲು ತಿರುಗಿತು. ಪಕ್ಕದ ಟಿವಿಯ ಗಿರಾಕಿಗಳೂ ಆಟ ನಿಲ್ಲಿಸಿ ನೋಡಿದರು. ಟಿವಿಯೊಳಗೆ ದೀಪ ಹಿಡಿದ ಹುಡುಗಿ ಪಡಸಾಲೆಯಲ್ಲಿ ನಡೆದಳು. ಏನೂ ಆಗಲಿಲ್ಲ. ಒಂದು ಬಾಗಿಲು ತಾನಾಗಿ ಮುಚ್ಚಿಕೊಂಡಿತು, ಅಷ್ಟೇ.

"ಅಮ್ಮಾ!" ಅಂತ ಡಾಕ್ಟ್ರು ಕಿರುಚಿದರು.

"ಇಲ್ಲೇ ಇದ್ದೀನಲ್ಲೋ," ಅಂದಳು ಅಮ್ಮ ಹಿಂದಿನಿಂದ.

ಅಂಗಡಿಯೆಲ್ಲ ಗೊಳ್ಳೆಂದಿತು. ಇಷ್ಟು ವರ್ಷ ಗಳಿಸಿದ ಹೆಸರು ಒಂದೇ ಕೂಗಿಗೆ ಮಣ್ಣುಪಾಲು. ಆದರೆ ಆಕೆ ನಗಲಿಲ್ಲ. ಆಕೆಯ ಭುಜ ಕಿವಿಯವರೆಗೂ ಏರಿತ್ತು. ಪಡಸಾಲೆಯ ತುದಿಯಲ್ಲಿ ಏನೋ ಎದ್ದು ನಿಂತಾಗ ಆಕೆಯ ಎಡಗೈ ಬಂದು ಡಾಕ್ಟ್ರ ಮಣಿಕಟ್ಟು ಹಿಡಿಯಿತು, ಮತ್ತೆ ರಿಮೋಟಿನ ಗುಂಡಿ ಒತ್ತಲು ಓಡಿತು. ಆಕೆ ಒಂದರ ಹಿಂದೊಂದು ಗುಂಡು ಹಾರಿಸಿದಳು.

"ಉಳಿಸ್ಕೊಳ್ಳಿ ಮೇಡಂ, ಮುಂದಕ್ಕೆ ಬೇಕಾಗುತ್ತೆ!" ಡಾಕ್ಟ್ರು ಬಾಯಿಬಾಯಿ ಬಡಿದುಕೊಂಡರು.

"ಚೀಲ ತುಂಬಾ ಇಟ್ಕೊಂಡು ಸಾಯ್ಲಾ?" ಅಂದಳು ಆಕೆ ಕಣ್ಣು ತೆಗೆಯದೆ.

ಅಂಥ ಆಟಗಳಲ್ಲಿ ಒಂದೊಂದು ಕೋಣೆ ಇರುತ್ತದೆ, ಅದರೊಳಕ್ಕೆ ಯಾವ ದೆವ್ವವೂ ಬರುವಂತಿಲ್ಲ. ಆಕೆ ದೀಪದ ಹುಡುಗಿಯನ್ನು ಓಡಿಸಿ ಅಂಥದೊಂದಕ್ಕೆ ಸೇರಿಸಿ ರಿಮೋಟು ಕೆಳಗಿಟ್ಟಳು. "ಇದಾ ಹೆದರಿಕೆ ಅಂದ್ರೆ," ಅಂದಳು. ಮುಖ ಅರಳಿತ್ತು.

ಗಿರಾಕಿಗಳ ಎದುರು ಮರ್ಯಾದೆ ಹೇಗೂ ಹೋಗಿತ್ತು. ಡಾಕ್ಟ್ರು ಹೇಳಿಯೇಬಿಟ್ಟರು. "ನಂಗೆ ಹೆದರಿಕೆ ಹೊಸದಲ್ಲ ಮೇಡಂ. ನೀವು ಮೊದಲ್ನೇ ಸಲ ಬಂದಾಗಿನಿಂದ ಇದೆ. ನಂಗೆ ನೀವಂದ್ರೆ ಇಷ್ಟ. ನೀವು ಬರದೇ ಇದ್ರೆ ಏನ್ಮಾಡೋದು ಅಂತ ಒಳ್ಳೇದನ್ನೆಲ್ಲ ಬಚ್ಚಿಟ್ಟೆ."

"ಇಷ್ಟು ದಿನ ಏನಾಗಿತ್ರೀ ಹೇಳೋಕೆ? ಹೊಸ ಕೆಲ್ಸಕ್ಕೆ ಸಹಿ ಹಾಕಿ ಆಯ್ತಲ್ಲ, ಹೋಗ್ಲೇಬೇಕು." ಅಂದಳು ಆಕೆ.

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು," ಅಂದಳು ಅಮ್ಮ, ಯಾರೂ ಕೇಳದಿದ್ದರೂ.

ಆಕೆ ಎದ್ದಳು. ಡಿಸ್ಕು ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡಳು. ಬಾಗಿಲ ಹತ್ತಿರ ನಿಂತು ಕೆಂಪು ಬೋರ್ಡು ನೋಡಿದಳು.

"ಇದು ನಿಜಾನಾ? ತಡ ಆದ್ರೆ ಮನೆಗೇ ಬರ್ತೀರಾ?"

"ಇದುವರೆಗೂ ಯಾರ ಮನೆಗೂ ಹೋಗಿಲ್ಲ," ಅಂದರು ಡಾಕ್ಟ್ರು. ಸುಳ್ಳು ಹೇಳುವ ಚೈತನ್ಯವೂ ಉಳಿದಿರಲಿಲ್ಲ.

"ಹಾಗಾದ್ರೆ ನಾನು ತಡ ಮಾಡ್ತೀನಿ," ಅಂದು, ಹೊಸ ವಿಳಾಸವನ್ನು ಕೌಂಟರಿನ ಮೇಲೆ ಬರೆದಿಟ್ಟು ಹೊರಟುಹೋದಳು.

ಡಿಸ್ಕು ವಾಪಸು ಬರಬೇಕಿದ್ದ ಶನಿವಾರ ಬಂತು. ಡಿಸ್ಕು ಬರಲಿಲ್ಲ. ಭಾನುವಾರ ಬೆಳಿಗ್ಗೆ ಡಾಕ್ಟ್ರು ಬೀರು ತೆಗೆದು ನೀಲಿ ಅಂಗಿಯ ಕವರು ಹರಿದರು. ಮಡಿಕೆಯ ಗೆರೆಗಳು ಇಸ್ತ್ರಿಗೂ ಬಗ್ಗಲಿಲ್ಲ, ಹಾಗೇ ತೊಟ್ಟು ಬಸ್ಸು ಹತ್ತಿದರು. ವಿಳಾಸ ಕೇಳಿಕೊಂಡು ಮನೆ ಮುಟ್ಟಿದರೆ, ಅಲ್ಲಿ ಗೇಟು. ಗೇಟಿನ ಹಿಂದೆ ಕರುವಿನಷ್ಟೆತ್ತರದ ನಾಯಿ. ಡಾಕ್ಟ್ರನ್ನು ಕಂಡದ್ದೇ ತಡ, ಬೊಗಳಲು ಶುರು ಮಾಡಿತು.

ಡಾಕ್ಟ್ರ ಕಾಲು ತಾನಾಗಿ ಬಸ್ ಸ್ಟಾಪಿನ ಕಡೆ ತಿರುಗಿತು.

"ಡಾಕ್ಟ್ರೇ!" ಮಹಡಿಯ ಕಿಟಕಿಯಿಂದ ಆಕೆ ಕೂಗಿದಳು. "ಅದು ಕಚ್ಚಲ್ಲ!"

"ಕಚ್ಚಲ್ಲ ಅಂತ ಅದಕ್ಕೆ ಗೊತ್ತಾ?"

"ಒಳಗೆ ಬಂದು ನೀವೇ ಕೇಳಿ. ಆಟ ಇನ್ನೂ ಹಾಕೇ ಇಲ್ಲ ನಾನು. ಒಬ್ಬಳಿಗೇ ಭಯ ಆಗುತ್ತೆ."

ಡಾಕ್ಟ್ರು ತಿರುಗಿ ನಿಂತರು. ಕಣ್ಣು ಮುಚ್ಚದೆ, ಬೆನ್ನು ತಿರುಗಿಸದೆ, ನಾಯಿಯ ಮುಖವನ್ನೇ ನೋಡುತ್ತಾ ಗೇಟಿನ ಚಿಲಕ ತೆಗೆದರು.