ಬಿಳಿ ಚೀಲದ ಬತ್ತಿಗಳು

ಅದು ಎರಡು ಸಾವಿರದ ಒಂದನೇ ಇಸವಿ, ಶ್ರಾವಣಕ್ಕೆ ಸ್ವಲ್ಪ ಮೊದಲು. ದನದ ಡಾಕ್ಟರಿಕೆ ಓದುತ್ತಿದ್ದ ನನ್ನ ಮೊಮ್ಮಗಳು ಸವಿತಾ ರಜೆಗೆ ಊರಿಗೆ ಬಂದಿದ್ದಳು. ನಾನು ಕಲಿತದ್ದು ಮೂರನೇ ಇಯತ್ತೆ. ನಮ್ಮ ಮನೆತನದಲ್ಲಿ ಡಾಕ್ಟರ್ ಆಗುವವಳು ಇವಳೇ ಮೊದಲಿಗಳು. ಅವಳು ಬಸ್ಸಿಳಿದು ಬರುವುದನ್ನು ಓಣಿಯವರನ್ನೆಲ್ಲ ಕರೆದು ತೋರಿಸಬೇಕು ಅನ್ನಿಸುತ್ತಿತ್ತು. ತೋರಿಸಿಯೂ ಇದ್ದೆ.

ಬೈಲಹೊಂಗಲದಿಂದ ಕಿತ್ತೂರಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಊರ ಹೊರಗೆ ಆಗ ಅರಣ್ಯ ಇಲಾಖೆಯ ಒಂದು ಸಸಿ ತೋಟ ಇತ್ತು. ಕರಡಿ ಆಡಿಸುವವನೊಬ್ಬನಿಂದ ಬಿಡಿಸಿ ತಂದ ಹೆಣ್ಣು ಕರಡಿಯನ್ನು ಅಲ್ಲಿ ಕಬ್ಬಿಣದ ಪಂಜರದಲ್ಲಿ ಇಟ್ಟಿದ್ದರು. ನಾಲ್ಕು ದಿನದ ಮಟ್ಟಿಗೆ ಅಂತ ಇಟ್ಟದ್ದು, ವರ್ಷಗಟ್ಟಲೆ ಆಗಿತ್ತು. ಅದರ ಹೆಸರು ಮುನ್ನಿ. ಈ ಮೂಲೆಯಿಂದ ಆ ಮೂಲೆಗೆ ಹೋಗುವುದು, ತಲೆ ಅಲ್ಲಾಡಿಸುವುದು, ತಿರುಗುವುದು, ಮತ್ತೆ ಬರುವುದು. ಬೆಳಗಿನಿಂದ ಸಂಜೆಯವರೆಗೂ ಅದೇ. ಸಂತೆಗೆ ಹೋಗುವವರು ನಿಂತು, “ನೋಡ್ರಿ, ಕುಣಿಯೂದು ಇನ್ನೂ ಮರತಿಲ್ಲ” ಎಂದು ನಗುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ.

“ಅದು ಕುಣಿಯಾಕತ್ತಿಲ್ಲ ಆಯಿ,” ಎಂದಳು ಸವಿತಾ. “ಒಳಗ ಇದ್ದು ಇದ್ದು ಜೀವಕ್ಕ ಬ್ಯಾಸರ ಹತ್ತೇತಿ. ಚೀನಾದಾಗ ಪಾಂಡಾ ಅಂತ ಕಪ್ಪು ಬಿಳಿ ಕರಡಿ ಇರತಾವ. ಅವೂ ಪಂಜರದಾಗ ಹಿಂಗ ತಿರಗತಾವ. ಅಲ್ಲಿ ವಾಲಂಟಿಯರ್ ಅಂತ ಸಾದಾ ಮಂದಿ ಪಗಾರ ಇಲ್ಲದ ಕುಂತು, ಯಾವಾಗ ತಿರಗತಾವ, ಯಾವಾಗ ಇಲ್ಲ ಅಂತ ನೋಡಿ ಹೇಳತಾರಂತ. ಏನ ಕೊಟ್ಟರ ತಿರಗೂದ ನಿಲ್ಲತೈತಿ ಅನ್ನೂದು ಹಂಗ ಗೊತ್ತಾಗತೈತಿ.”

ಅವಳು ತೋಟದ ಸಾಹೇಬರ ಹತ್ತಿರ ಮಾತಾಡಿ ಬಂದಿದ್ದಳು. ಕರಡಿಗಳನ್ನು ಬಯಲಲ್ಲಿ ಬಿಟ್ಟು ಸಾಕುವ ದೊಡ್ಡ ಜಾಗ ಒಂದಿತ್ತಂತೆ. ಅಲ್ಲಿ ಇನ್ನು ಒಂದೇ ಕರಡಿಗೆ ತೆರವು. ಮುನ್ನಿಯ ತಿರುಗಾಟ ಕಡಿಮೆ ಆಗುವಂಥದ್ದು ಎಂದು ತೋರಿಸಿದರೆ ಅದನ್ನು ಕಳಿಸಲು ಬರೆಯುತ್ತೇನೆ ಎಂದು ಸಾಹೇಬರು ಒಪ್ಪಿದ್ದರು.

ಸವಿತಾ ಇಬ್ಬರು ಗೆಳತಿಯರನ್ನು ಕರೆಸಿಕೊಂಡಳು. ಆದರೆ ಈ ಹುಡುಗಿಯರು ಎದುರು ನಿಂತರೆ ಸಾಕು, ಮುನ್ನಿ ಎರಡು ಕಾಲ ಮೇಲೆ ಎದ್ದು ಸಲಾಮು ಹೊಡೆಯುತ್ತಿತ್ತು. ನೋಡಲು ಬಂದವರಿಗೆ ಹಾಗೆ ಮಾಡಬೇಕೆಂದು ಹೊಡೆದು ಕಲಿಸಿದ್ದರಲ್ಲ. ಪಂಜರದ ಎದುರಿನ ಬೇವಿನ ಕಟ್ಟೆಯ ಮೇಲೆ ತಲೆ ತಗ್ಗಿಸಿ ಹತ್ತಿ ಬತ್ತಿ ಹೊಸೆಯುತ್ತ ಕುಳಿತ ನನ್ನನ್ನು ಮಾತ್ರ ಅದು ಲೆಕ್ಕಕ್ಕೇ ಹಿಡಿಯಲಿಲ್ಲ.

“ಇವತ್ತಿನಿಂದ ನೀನೂ ವಾಲಂಟಿಯರ್ ಆಯಿ,” ಎಂದು ಸವಿತಾ ನನ್ನ ಸೆರಗಿಗೆ ಒಂದು ಬಿಲ್ಲೆ ಚುಚ್ಚಿದಳು. ನನಗೆ ಆಕಾಶ ಮೂರೇ ಗೇಣು! ಎರಡು ಚೀಲ ಹೊಲಿದುಕೊಟ್ಟೆ. ಒಂದು ನನ್ನ ಹಳೇ ಖಣದ ಕುಪ್ಪಸದ್ದು, ಒಂದು ಹೊಸ ಬಿಳಿ ಅರಿವೆಯದು.

“ತೋಟದ ಆಫೀಸಿನ ಗಡಿಯಾರ ಬಾರಿಸಿದಾಗೊಮ್ಮೆ ಮುನ್ನಿ ಕಡೆ ನೋಡು. ತಿರಗಾಕತ್ತಿದ್ದರ ಒಂದ ಬತ್ತಿ ಖಣದ ಚೀಲಕ್ಕ. ಮಣ್ಣ ಕೆದರಕೋತ, ತಿನಕೋತ ಆರಾಮ ಇದ್ದರ ಬಿಳಿ ಚೀಲಕ್ಕ. ಮರುಗಿ ಬಿಳಿದಕ್ಕ ಒಂದ ಜಾಸ್ತಿ ಹಾಕಬ್ಯಾಡ ಮತ್ತ!”

“ಏ ಹೋಗ, ನಾ ಏನ ಕಳ್ಳಿ ಏನ?” ಎಂದೆ.

ಮೊದಮೊದಲು ಖಣದ ಚೀಲವೇ ಉಬ್ಬುತ್ತ ಹೋಯಿತು. ಬಿಳಿ ಚೀಲ ಹಾಗೇ ಜೋತು ಬಿದ್ದಿತ್ತು. ನನಗೆ ರೊಟ್ಟಿ ಸೇರುತ್ತಿರಲಿಲ್ಲ. ಆಮೇಲೆ ಹುಡುಗಿಯರು ಹುತ್ತದ ಮಣ್ಣು ತಂದು ಸುರಿದರು, ಪೊಳ್ಳು ಕೊರಡಿನೊಳಗೆ ಬೆಲ್ಲ, ಶೇಂಗಾ ತುಂಬಿ ಇಟ್ಟರು. ಮುನ್ನಿ ತಿರುಗುತ್ತ ಬಂದದ್ದು ನಿಂತಿತು. ಕೊರಡಿಗೆ ಮೂತಿ ತೂರಿಸಿ ಸುರ್ರನೆ ಎಳೆಯಿತು. ಅಷ್ಟರಲ್ಲಿ ಗಡಿಯಾರ ಬಾರಿಸಿತು. ಬಿಳಿ ಚೀಲಕ್ಕೆ ಮೊದಲ ಬತ್ತಿ ಹಾಕಿದೆ.

ಕಾಲೇಜು ಸುರುವಾಗಿ ಹುಡುಗಿಯರು ಹೊರಟರು. “ಬರೂ ಮಂಗಳವಾರ ಸಾಹೇಬರು ನೋಡಾಕ ಬರತಾರ, ನಾನೂ ಬರತೇನಿ. ಅಲ್ಲೀತನ ಎರಡೂ ಚೀಲ ಜ್ವಾಕಿ ಆಯಿ,” ಎಂದಳು ಸವಿತಾ. ಆ ವಾರ ನಾನೊಬ್ಬಳೇ ಕುಳಿತೆ. ಹುಡುಗಿಯರು ಇಟ್ಟುಹೋದ ಬೆಲ್ಲ, ಶೇಂಗಾವನ್ನು ತೋಟದ ಆಳು ಕೊರಡಿಗೆ ತುಂಬಿ ಇಡುತ್ತಿದ್ದ. ಬಿಳಿ ಚೀಲ ತುಂಬಿ ಬಂತು. ಮುನ್ನಿ ಹೋಗೇ ಹೋಗುತ್ತದೆ ಎಂದು ಕಂಡಕಂಡವರಿಗೆಲ್ಲ ಹೇಳಿದೆ.

ಸೋಮವಾರ ಸಂಜೆ ಮನೆಗೆ ಬಂದು ಎರಡೂ ಚೀಲ ಗೂಟಕ್ಕೆ ಹಾಕಿ ಜಳಕಕ್ಕೆ ಹೋದೆ. ಶ್ರಾವಣ ಸೋಮವಾರ ಬಸವಣ್ಣನ ಗುಡಿಗೆ ನಾನು ಹೊಸೆದ ಬತ್ತಿ ಒಯ್ಯುವುದು ನಮ್ಮ ಮನೆಯ ಪದ್ಧತಿ. ಒಯ್ಯುವವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ ನೀಲವ್ವ. ದೀಪ ಹಚ್ಚಿ, ಹಣೆ ತುಂಬ ವಿಭೂತಿ ಧರಿಸಿ ನಗುನಗುತ್ತ ತಿರುಗಿ ಬಂದಳು.

“ಅಕ್ಕಾ, ಈ ಸರತೆ ನಿನ್ನ ಬತ್ತಿ ಏನ ಬೆಳಗಿದವು ಅಂತಿ! ಗುಡಿ ತುಂಬ ಹಚ್ಚಿದಿವಿ.”

ನಾನು ಗೂಟದ ಕಡೆ ನೋಡಿದೆ. “ಯಾವ ಚೀಲದಾವ ನೀಲವ್ವಾ?”

“ಬಿಳೇದರಾಗಿನೂವ. ಇನ್ನೊಂದು ತೊಟ್ಟ ಬಿಟ್ಟ ಕುಪ್ಪಸದ ಅರಿವಿ, ದೇವರಿಗೆ ಮೈಲಿಗಿ ಆಗೂದಿಲ್ಲೇನ?”

ಅವಳಿಗೆ ಏನೆಂದು ಬೈಯಲಿ? ಪ್ರತಿ ವರ್ಷ ಮಾಡುವುದನ್ನೇ ಮಾಡಿದ್ದಳು.

ಮರುದಿನ ಸಾಹೇಬರ ಮುಂದೆ ಉಬ್ಬಿದ ಖಣದ ಚೀಲ, ಜೋತು ಬಿದ್ದ ಬಿಳಿ ಚೀಲ. ಸವಿತಾ ನಡೆದದ್ದೆಲ್ಲ ಹೇಳಿದಳು. ಸಾಹೇಬರು ತಾವೇ ಪಂಜರದ ಹತ್ತಿರ ಹೋದರು. ಮುನ್ನಿ ಅವರ ಬೂಟು ನೋಡಿ ಎದ್ದು ಸಲಾಮು ಹೊಡೆಯಿತು. ಆಮೇಲೆ ತಿರುಗಲು ಹತ್ತಿತು.

“ಆರಾಮ ಇದ್ದದ್ದ ನಾ ಕಣ್ಣಾರೆ ನೋಡೇನ್ರಿ ಸಾಹೇಬ್ರ.”

“ನಿಮ್ಮ ಮ್ಯಾಲೆ ಸಂಶೆ ಇಲ್ರಿ ಆಯಿ. ಮ್ಯಾಲಿನವರಿಗೆ ನಾ ಏನ ತೋರಸ್ಲಿ?”

“ಇನ್ನೊಂದ ವಾರ ಕೊಡ್ರಿ ಸರ್,” ಎಂದಳು ಸವಿತಾ.

“ಅಲ್ಲಿಗೆ ಯಾವ ಕರಡಿ ಕಳಸೂದು ಅಂತ ಇವತ್ತ ಹೇಳಬೇಕವಾ. ಬ್ಯಾರೆ ಊರಿಂದು ತಯಾರ ಐತಿ.”

ಆ ಜಾಗಕ್ಕೆ ಬೇರೆ ಕರಡಿ ಹೋಯಿತು.

ನಾನು ಕಟ್ಟೆಗೆ ಹೋಗುವುದನ್ನು ಬಿಡಲಿಲ್ಲ. ಆದರೆ ಹುಡುಗಿಯರು ಇಟ್ಟುಹೋದದ್ದು ಮುಗಿದ ಮೇಲೆ ಕೊರಡು ತುಂಬಿ ಇಡುವವರು ಯಾರೂ ಇರಲಿಲ್ಲ. ದೀಪಾವಳಿಯ ಹೊತ್ತಿಗೆ ಮುನ್ನಿ ತಿರುಗುವುದನ್ನೂ ಬಿಟ್ಟಿತು. ಮೂಲೆಗೆ ಮುಖ ಮಾಡಿ ಕುಳಿತುಬಿಟ್ಟಿತು. ಸವಿತಾಗೆ ಫೋನಿನಲ್ಲಿ ಕೇಳಿದೆ, “ಈಗ ಸುಮ್ಮನ ಕುಂತೈತಿ ತಂಗಿ. ಬತ್ತಿ ಯಾವ ಚೀಲಕ್ಕ ಹಾಕಲಿ?” ಕೆಲವು ದಿನಗಳಲ್ಲೇ ಮುನ್ನಿ ತೀರಿಕೊಂಡಿತು.

ಈಗ ಸವಿತಾ ಡಾಕ್ಟರ್. ಅವಳಿಗೊಂದು ಹೆಣ್ಣು ಮಗು. ಮರಿಮೊಮ್ಮಗಳನ್ನು ಎತ್ತಿಕೊಂಡ ಭಾಗ್ಯವಂತೆ ನಾನು, ಹಿಗ್ಗು ಮೈಯಲ್ಲಿ ಹಿಡಿಸುವುದಿಲ್ಲ. ಮೊನ್ನೆ ಆ ಕೂಸು ಹೊಸದಾಗಿ ನಡೆಯಲು ಕಲಿತು, ಪಡಸಾಲೆಯ ಕಂಬ ಹಿಡಿದು ಸುತ್ತಲೂ ಸುತ್ತುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿ, “ಕುಣಿಯಾಕತ್ತೇತಿ ನೋಡ್ರಿ!” ಎಂದರು. ನಗುತ್ತಿದ್ದ ನನಗೆ ತಡೆಯಲಾಗಲಿಲ್ಲ. ಕೂಸನ್ನು ಬಗಲಿಗೆ ಎತ್ತಿಕೊಂಡು ಹೋಗಿ ಬಯಲ ಕಣದಲ್ಲಿ ಇಳಿಸಿದೆ. ಅದು ತಿರುಗಲಿಲ್ಲ, ನೆಟ್ಟಗೆ ಓಡಿತು. ನಾನು ಅಲ್ಲೇ ನೆಲಕ್ಕೆ ಕುಳಿತು ಮುನ್ನಿಗಾಗಿ ಅತ್ತೆ.