ಗೋಧೂಳಿಗೆ ಹೆದರದ ಹುಳುಗಳು

ಎರಡು ಸಾವಿರದ ಇಸವಿಯ ಈಚೆಯ ಆ ವರ್ಷಗಳಲ್ಲಿ ನಾನು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುತ್ತಿದ್ದೆ. ಬೆಳಗಿನ ಬಿಸಿಲು ಮುಖಕ್ಕೆ ಬಿತ್ತೆಂದರೆ ಟವೆಲ್ ಮುಸುಕೆಳೆದು ನಿದ್ದೆ ಮುಂದುವರಿಸುವ ಜಾತಿ ನನ್ನದು. ಇಂಥವನು ಮೊದಲ ಪೀರಿಯಡ್ಡಿಗೇ ಮಕ್ಕಳಿಗೆ ತೋರಿಸುತ್ತಿದ್ದುದು ಬೆಳಕು ಕಂಡರೆ ಓಡುವ ಹುಳುಗಳನ್ನು. ಕೊಳೆತ ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣದ ಮರಿಹುಳುಗಳವು. ಗಾಜಿನ ತಟ್ಟೆಯ ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ, ಮೇಲೆ ಟೇಬಲ್ ಲ್ಯಾಂಪ್ ಹಾಕಿದರೆ ಎಲ್ಲವೂ ಕತ್ತಲೆಯ ಕಡೆಗೆ ತೆವಳುತ್ತಿದ್ದವು. ನಾನು ದೊಡ್ಡ ವಿಜ್ಞಾನಿಯ ಗತ್ತಿನಲ್ಲಿ ನಿಲ್ಲುತ್ತಿದ್ದೆ.

ಆಗಲೇ ಸಂತೆಮರಹಳ್ಳಿಯ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಹೆಣ್ಣು ನೋಡಿ ಬಂದ ದಿನವೇ ನನಗೆ ಆಕೆ ಹಿಡಿಸಿಬಿಟ್ಟಿದ್ದಳು. ಆಕೆ ಮಾತ್ರ ಇನ್ನೂ ಹೂಂ ಅಂದಿರಲಿಲ್ಲ. ಆಕೆಯ ಅಪ್ಪ ನಮ್ಮ ಮನೆ ನೋಡಲು ಹೊರಟಾಗ ತಾನೂ ಬರುತ್ತೇನೆಂದು ಹಟ ಹಿಡಿದಳಂತೆ.

ಶನಿವಾರ ಬೆಳಿಗ್ಗೆಯೇ ಬರಲಿ ಎಂದೆ. ಬೆಳಿಗ್ಗೆ ರಾಹುಕಾಲ, ಗೋಧೂಳಿಗೆ ಬರಲಿ ಎಂದರು ನಮ್ಮವ್ವ. ಗಡಿಯಾರಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ, ಯಾವ ಹೊತ್ತಾದರೂ ಒಂದೇ ಎಂದು ನಾನು ಭಾಷಣ ಬಿಗಿದೆ.

"ಎಲ್ಲಾ ಒತ್ತೂ ಒಂದೇ ಅಲ್ಲ ಕಣ್ಲಾ ಮಗ," ಎಂದರು ಅವ್ವ.

ಅವ್ವನ ಮಾತೇ ನಡೆಯಿತು. ಗೋಧೂಳಿಗೆ ಬಂದವರಿಗೆ ಕಾಫಿ ಕೊಟ್ಟಾಯಿತು. ಹುಡುಗ ಹುಳ ಸಾಕುತ್ತಾನೆ ಎಂದು ಯಾರೋ ಹೇಳಿದ್ದರಂತೆ; ನಮ್ಮ ಸೀಮೆಯಲ್ಲಿ ಹುಳ ಅಂದರೆ ರೇಷ್ಮೆಯದೇ. ಎಷ್ಟು ಎಕರೆ ಹಿಪ್ಪುನೇರಳೆ ಹಾಕಿದ್ದೀರಿ ಎಂದು ಆಕೆಯ ಅಪ್ಪ ಕೇಳಿದರು. ನಾನು ಮನೆಯಲ್ಲಿ ನೊಣದ ಹುಳು ಸಾಕಿದ್ದ ಬಾಳೆಹಣ್ಣಿನ ಬಾಟಲಿ ತಂದು ತೋರಿಸಿದೆ. ಅವರು ಮೂಗು ಮುಚ್ಚಿಕೊಂಡು ಅಂಗಳಕ್ಕೆ ಹೋದರು.

ಆಕೆ ಮಾತ್ರ ಕುತೂಹಲದಿಂದ ಬಾಗಿ ಕುಳಿತಳು. ನನಗೆ ಬೇಕಿದ್ದುದೂ ಅದೇ. ತಟ್ಟೆಗೆ ಹುಳು ಬಿಟ್ಟೆ, ದೀಪ ಹಾಕಿದೆ, ಈಗ ನೋಡಿ ಹೇಗೆ ಓಡುತ್ತವೆ ಎಂದೆ. ಒಂದೂ ಓಡಲಿಲ್ಲ. ಕೆಲವು ಕತ್ತಲೆಯಿಂದ ಎದ್ದು ಬಂದು ದೀಪದ ಕೆಳಗೆ ಹಾಯಾಗಿ ಮೇಯತೊಡಗಿದವು. ಮಾನ ಉಳಿಸಿಕೊಳ್ಳಲು ಬ್ರಶ್ ತುದಿಯಿಂದ ಒಂದನ್ನು ಮೆಲ್ಲಗೆ ಕತ್ತಲೆಗೆ ನೂಕಿದೆ. ಅದು ತಿರುಗಿಕೊಂಡು ಬೆಳಕಿಗೇ ಬಂತು.

"ತಳ್ಬೇಡಿ, ಬುಡಿ," ಎಂದಳು ಆಕೆ. ಕಾಲೇಜಿನಲ್ಲಿ ಯಾವ ಹೊತ್ತಿಗೆ ಮಾಡಿಸುತ್ತೀರಿ ಎಂದು ಕೇಳಿದಳು. ಬೆಳಿಗ್ಗೆ ಎಂದೆ. ಸಾಯಂಕಾಲ ಯಾವತ್ತಾದರೂ ನೋಡಿದ್ದೀರಾ ಎಂದಳು. ನೋಡಿರಲಿಲ್ಲ. ಇಷ್ಟು ವರ್ಷ ಹುಳುವಿನ ಅರ್ಧ ದಿನವನ್ನಷ್ಟೇ ನೋಡಿ ಇಡೀ ಹುಳುವಿನ ಮೇಲೆ ಪಾಠ ಹೇಳಿದ್ದೆ. ನಾಚಿಕೆಯಲ್ಲಿ ಕಪ್ಪು ಕಾಗದದ ಕೆಳಗೆ ನಾನೇ ತೆವಳಿಕೊಂಡು ಹೋಗಬೇಕು ಅನ್ನಿಸಿತು.

ಹೊರಡುವಾಗ, ನಾಳೆ ಬೆಳಿಗ್ಗೆ ಇನ್ನೊಮ್ಮೆ ನೋಡಿ ಫೋನ್ ಮಾಡಿ ಎಂದಳು. ನಾಳೆ ಭಾನುವಾರ. ಭಾನುವಾರದ ಸೂರ್ಯೋದಯವನ್ನು ನಾನು ಕ್ಯಾಲೆಂಡರಿನ ಚಿತ್ರದಲ್ಲಿ ಮಾತ್ರ ಕಂಡಿದ್ದೆ.

ಆದರೂ ಎದ್ದೆ. ಅವ್ವ ನನ್ನ ಹಣೆ ಮುಟ್ಟಿ ನೋಡಿದರು, ಜ್ವರವೇನಾದರೂ ಬಂದಿದೆಯೇ ಎಂದು. ಅದೇ ತಟ್ಟೆ, ಅದೇ ದೀಪ. ಹುಳುಗಳು ಪೊಲೀಸರನ್ನು ಕಂಡ ಇಸ್ಪೀಟಿನವರಂತೆ ಕತ್ತಲೆಗೆ ಓಡಿದವು. ಅವುಗಳ ಮೈಯೊಳಗೇ ಗಡಿಯಾರವಿದೆ. ಬೆಳಿಗ್ಗೆ ಬೆಳಕಿನ ಭಯ ಜಾಸ್ತಿ, ಸಂಜೆಗೆ ಅದು ಇಳಿಯುತ್ತದೆ. ಗೊತ್ತಿಲ್ಲದೆ ಭಾಷಣ ಮಾಡಿದವನು ನಾನೊಬ್ಬನೇ.

ಬಸ್‌ಸ್ಟ್ಯಾಂಡ್ ಎದುರಿನ ಎಸ್‌ಟಿಡಿ ಬೂತಿಗೆ ಹೋಗಿ ಫೋನ್ ಮಾಡಿದೆ. ಆಕೆಯೇ ಎತ್ತಿದಳು. ಓಡಿದವು ಎಂದೆ.

"ನೀವು ತಳ್ಳಲಿಲ್ಲ ತಾನೆ?"

"ಇಲ್ಲ. ತಾವಾಗೇ ಹೋದವು."

ನಾನು ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ಅಂಗಾದ್ರೆ ಅಪ್ಪಂಗೆ ಹೂಂ ಅಂತೀನಿ," ಎಂದಳು.

ರಿಸೀವರ್ ಇಟ್ಟು ಹೊರಗೆ ಬಂದೆ. ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತಿತ್ತು. ಹೆಗಲ ಮೇಲೆ ಟವೆಲ್ ಇತ್ತು. ಮುಸುಕೆಳೆದುಕೊಳ್ಳುವುದು ನೆನಪಾಗಲೇ ಇಲ್ಲ.