ನಕ್ಷತ್ರದ ಕೃಪೆ ಎಲ್ಲಿಯವರೆಗೆ

ನಮ್ಮ ಬೀಜದ ಅಂಗಡಿಗಳ ಸಂಘಕ್ಕೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಶಾಖೆಗಳಿದ್ದವು. ಒಂದೊಂದಕ್ಕೂ ಬೇರೆ ವೆಬ್‌ಸೈಟ್ ವಿಳಾಸ: ಮೊದಲು ಶಾಖೆಯ ಹೆಸರು, ಚುಕ್ಕೆ, ಆಮೇಲೆ ಸಂಘದ ಹೆಸರು. ಕಂಪ್ಯೂಟರ್ ಕೆಲಸ ನನ್ನದು. ಪರದೆಯ ಮೇಲೆ ಬೀಗದ ಗುರುತು ತರಲು ನಾಲ್ಕು ಭದ್ರತಾ ಸರ್ಟಿಫಿಕೇಟುಗಳ ರಗಳೆ ಯಾಕೆಂದು, ಶಾಖೆಯ ಹೆಸರಿನ ಜಾಗದಲ್ಲಿ ನಕ್ಷತ್ರ ಚಿಹ್ನೆಯಿರುವ ಒಂದನ್ನೇ ಎಲ್ಲಕ್ಕೂ ತರಿಸಿದೆ. ಸಭೆಯಲ್ಲಿ ಚಪ್ಪಾಳೆಯೂ ಬಿತ್ತು.

ಮರುದಿನ ಕುಷ್ಟಗಿ ತಾಲೂಕಿನ ಹನುಮಸಾಗರದ ಅಂಗಡಿಯಿಂದ ಹಿರಿಯರೊಬ್ಬರು ಫೋನ್ ಮಾಡಿದರು. "ನಮ್ಮದು ತೆರದ್ರ 'ಸುರಕ್ಷಿತ ಅಲ್ಲ' ಅಂತ ಬರ್ತೈತ್ರಿ."

ಅವರದು ಕುಷ್ಟಗಿ ಶಾಖೆಯ ಕೆಳಗಿನ ಅಂಗಡಿ; ವಿಳಾಸದಲ್ಲಿ ಹನುಮಸಾಗರ, ಚುಕ್ಕೆ, ಕುಷ್ಟಗಿ, ಮತ್ತೊಂದು ಚುಕ್ಕೆ, ಆಮೇಲೆ ಸಂಘದ ಹೆಸರು ಇತ್ತು. ನಕ್ಷತ್ರದ ಕೃಪೆ ಒಂದೇ ಮೆಟ್ಟಿಲು ಇಳಿಯುತ್ತದೆ, ಎರಡನೆಯದಕ್ಕೆ ಇಳಿಯುವುದಿಲ್ಲ. ಮಾರುವವರು ಇಂಥದ್ದನ್ನು ಕೊಂಡ ಮೇಲೆಯೇ ಹೇಳುತ್ತಾರೆ. ನಾನು ಅದನ್ನು ವಿವರಿಸಿದೆ.

"ಅಂದ್ರ ತಾಲೂಕಿನ ತನಕ ಬಂದು ನಿಂತೈತಿ," ಎಂದರು ಅವರು, ಎಳ್ಳಷ್ಟೂ ಆಶ್ಚರ್ಯವಿಲ್ಲದೆ. "ಎಲ್ಲಾ ಅಲ್ಲೇ ನಿಲ್ತಾವ್ರಿ."

ವಿಳಾಸದಿಂದ ಕುಷ್ಟಗಿಯನ್ನೂ ಒಂದು ಚುಕ್ಕೆಯನ್ನೂ ಅಳಿಸಿದೆ. ಹನುಮಸಾಗರ ನಾಲ್ಕು ತಾಲೂಕು ಕೇಂದ್ರಗಳ ಸಾಲಿಗೆ ಬಂತು, ಎಚ್ಚರಿಕೆ ಹೋಯಿತು. ಫೋನ್ ಮಾಡಿ ತಿಳಿಸಿದೆ.

"ನಮ್ಮೂರನ್ನ ತಾಲೂಕು ಮಾಡ್ರಿ ಅಂತ ಅರ್ಜಿ ಕೊಟ್ಟು ಕೊಟ್ಟು ಸಾಕಾಗೇತ್ರಿ," ಎಂದರು ಹಿರಿಯರು. "ಒಂದು ಚುಕ್ಕಿ ಅಳಿಸಿದ್ರ ಆಗ್ತೈತಿ ಅಂತ ಯಾರೂ ಹೇಳಿರಲಿಲ್ಲ ನೋಡ್ರಿ."